ಎಣ್ಣೆಗೆ ಹೆಸರು ಬಿಟ್ಟು ಹೋದ ರುಡಾಲ್ಫ್ ಡೀಸೆಲ್

ಕಬ್ಬು ಕಟಾವಿನ ದಿನಗಳಲ್ಲಿ ಅಕ್ಕಲಕೋಟ ಇರಲಿ, ಜತ್ತ ಇರಲಿ, ಇತ್ತ ಇಂಡಿ, ಆಳಂದ ಇರಲಿ, ರಸ್ತೆಯ ತುಂಬ ಕಾಣುವುದು ಒಂದೇ ನೋಟ. ಒಂದು ಟ್ರ್ಯಾಕ್ಟರ್, ಅದರ ಬೆನ್ನಿಗೆ ಎರಡು ಟ್ರೇಲರ್, ಟ್ರೇಲರಿನ ಮೇಲೆ ಮನೆಯೆತ್ತರ ಕಬ್ಬು. ಇದನ್ನೆಲ್ಲ ಎಳೆಯುವುದು ಡೀಜಲ್. ಮರಾಠಿಯಲ್ಲಿ ಕೇಳಿದರೂ ಅದೇ ಹೆಸರು, ಕನ್ನಡದಲ್ಲಿ ಕೇಳಿದರೂ ಅದೇ, ಆದವಾನಿ ಕಡೆ ಹೋಗಿ ತೆಲುಗಿನಲ್ಲಿ ಕೇಳಿದರೂ ಅದೇ. ಗಡಿಯ ಆಚೆ ಈಚೆ ದರ ಮಾತ್ರ ಬೇರೆ. ಯಾವ ರಾಜ್ಯದ ಪಂಪಿನಲ್ಲಿ ಒಂದೆರಡು ರೂಪಾಯಿ ಸೋವಿ ಇದೆಯೋ ಅಲ್ಲಿ ಟಾಕಿ ತುಂಬಿಸುವುದು ನಮ್ಮ ಗಡಿ ಮಂದಿಯ ಹಳೆಯ ರೂಢಿ.

ಆದರೆ ಡೀಜಲ್ ಅನ್ನುವುದು ಎಣ್ಣೆಯ ಹೆಸರಲ್ಲ, ಒಬ್ಬ ಮನುಷ್ಯನ ಹೆಸರು ಅಂತ ಗೊತ್ತಿದ್ದವರು ಕಡಿಮೆ. ನಾನು ಎಷ್ಟೋ ಮಂದಿ ಡ್ರೈವರರನ್ನು, ಪಂಪಿನಲ್ಲಿ ಕೆಲಸ ಮಾಡುವ ಹುಡುಗರನ್ನು ಕೇಳಿದ್ದೇನೆ. ಬಹಳಷ್ಟು ಮಂದಿ ನಕ್ಕುಬಿಡುತ್ತಾರೆ. ಪೆಟ್ರೋಲ್ ಅಂತ ಮನುಷ್ಯ ಇದ್ದನೇನು, ಇವ ಹೇಗೆ ಇದ್ದ ಅಂತ. ಇದ್ದ. ಎಂಜಿನ್ನಿಗೆ ಮೊದಲು ಅವನ ಹೆಸರು ಬಂತು, ಎಂಜಿನ್ನಿನಿಂದ ಎಣ್ಣೆಗೆ ಬಂತು. ಎಣ್ಣೆಯನ್ನು ಉಳಿಸುವುದಕ್ಕಾಗಿಯೇ ಆಯುಷ್ಯ ಸವೆಸಿದ ಮನುಷ್ಯನ ಹೆಸರನ್ನು ಈಗ ನಾವು ಲೀಟರಿನಲ್ಲಿ ಅಳೆಯುತ್ತೇವೆ.

ರುಡಾಲ್ಫ್ ಡೀಸೆಲ್ ಹುಟ್ಟಿದ್ದು 1858ರ ಮಾರ್ಚ್ 18ರಂದು, ಪ್ಯಾರಿಸ್ ಪಟ್ಟಣದಲ್ಲಿ. ಹುಟ್ಟಿದ ನೆಲ ಫ್ರಾನ್ಸ್, ಮನೆತನ ಮಾತ್ರ ಜರ್ಮನಿಯದು. ತಂದೆ ಥಿಯೋಡೋರ್ ಬವೇರಿಯಾ ಸೀಮೆಯ ಔಗ್ಸ್‌ಬರ್ಗ್ ಊರಿನವ. ಪುಸ್ತಕಕ್ಕೆ ರಟ್ಟು ಕಟ್ಟುವ ಕಸುಬಿನವ, ಪ್ಯಾರಿಸ್ಸಿಗೆ ಬಂದು ಚರ್ಮದ ಸಾಮಾನು ಮಾಡಿ ಮಾರುತ್ತಿದ್ದ. ಹುಡುಗ ಶಾಲೆಯ ಹೊತ್ತು ಬಿಟ್ಟು ಉಳಿದ ಹೊತ್ತಿನಲ್ಲಿ ಕೈಗಾಡಿಯಲ್ಲಿ ಮಾಲು ಹೇರಿಕೊಂಡು ಗಿರಾಕಿಗಳ ಮನೆಗೆ ಮುಟ್ಟಿಸಬೇಕಿತ್ತು. ಮನೆತನದ ಮಾತು ಒಂದು, ಓಣಿಯ ಮಾತು ಇನ್ನೊಂದು. ಇದು ಹೇಗಿರುತ್ತದೆ ಅಂತ ಈ ಪುಟ ಓದುವವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಅವರ ಮನೆಗೆ ಹತ್ತಿರದಲ್ಲೇ ಯಂತ್ರಗಳ ಒಂದು ದೊಡ್ಡ ಸಂಗ್ರಹಾಲಯವಿತ್ತು. ಹುಡುಗ ಬಿಡುವು ಸಿಕ್ಕಾಗಲೆಲ್ಲ ಅಲ್ಲಿಗೆ ಹೋಗಿ ನಿಂತು ಚಿತ್ರ ಬರೆದುಕೊಳ್ಳುತ್ತಿದ್ದ. ಅಲ್ಲಿ ಕೂನ್ಯೋ ಎಂಬ ಫ್ರೆಂಚ್ ಅಧಿಕಾರಿ 1770ರಲ್ಲಿ ಕಟ್ಟಿಸಿದ ಉಗಿಬಂಡಿ ಇದೆ, ಇವತ್ತಿಗೂ ಇದೆ. ಮೂರು ಗಾಲಿ, ಮುಂದೆ ಹಂಡೆಯಂಥ ದೊಡ್ಡ ಬಾಯ್ಲರ್. ತೋಪುಗಳನ್ನು ಎಳೆಯಲಿಕ್ಕೆ ಅಂತ ಮಾಡಿದ್ದು. ಎತ್ತು ಕುದುರೆ ಇಲ್ಲದೆ ಭಾರ ಎಳೆಯಬೇಕು ಅಂತ ಮನುಷ್ಯ ಕಟ್ಟಿದ ಮೊದಲ ಬಂಡಿಗಳಲ್ಲಿ ಅದೂ ಒಂದು. ಸ್ವಲ್ಪ ದೂರ ಹೋಗಿ ಉಗಿ ಮುಗಿದು ನಿಂತುಬಿಡುತ್ತಿತ್ತಂತೆ. ಭಾರ ಎಳೆಯುವುದು ಒಂದು ಕೆಲಸ, ಕಡಿಮೆ ಉರುವಲಿನಲ್ಲಿ ದೂರ ಎಳೆಯುವುದು ಬೇರೆಯೇ ಕೆಲಸ.

1870ರಲ್ಲಿ ಫ್ರಾನ್ಸಿಗೂ ಜರ್ಮನರಿಗೂ ಯುದ್ಧ ಬಿತ್ತು. ಪ್ಯಾರಿಸ್ಸಿನಲ್ಲಿದ್ದ ಜರ್ಮನ್ ಮನೆತನಗಳೆಲ್ಲ ಊರು ಬಿಡಬೇಕಾಯಿತು. ಡೀಸೆಲ್ ಕುಟುಂಬ ಗಂಟುಮೂಟೆ ಕಟ್ಟಿಕೊಂಡು ಲಂಡನ್ನಿಗೆ ಹೋಯಿತು. ಅಲ್ಲಿ ಹೊಟ್ಟೆಗೇ ತತ್ವಾರ. ಹನ್ನೆರಡು ವರ್ಷದ ರುಡಾಲ್ಫನನ್ನು ತಾಯಿ ಔಗ್ಸ್‌ಬರ್ಗಿನ ಬಂಧುಗಳ ಮನೆಗೆ ಕಳಿಸಿದಳು. ಆ ಮನೆಯ ಯಜಮಾನ ಬಾರ್ನಿಕೆಲ್ ಗಣಿತದ ಮಾಸ್ತರ. ಹುಡುಗನ ಜರ್ಮನ್ ಗಟ್ಟಿಯಾಗಲಿ, ಕಸುಬಿನ ಶಾಲೆಯಲ್ಲಿ ನಾಲ್ಕಕ್ಷರ ಕಲಿಯಲಿ ಎಂಬುದು ತಾಯಿಯ ಲೆಕ್ಕ. ಯುದ್ಧದ ಗದ್ದಲದಲ್ಲಿ ಒಬ್ಬಂಟಿ ಹುಡುಗ ರೈಲು ಬದಲಿಸುತ್ತ ದಿನಗಟ್ಟಲೆ ಪ್ರಯಾಣ ಮಾಡಿ ಆ ಊರು ಮುಟ್ಟಿದ. ಹದಿನಾಲ್ಕನೆಯ ವಯಸ್ಸಿಗೇ ತಾನು ಎಂಜಿನಿಯರ್ ಆಗುವೆನೆಂದು ತಂದೆತಾಯಿಗೆ ಕಾಗದ ಬರೆದ. ಓದಿನಲ್ಲಿ ಅವನೇ ಮೊದಲು. 1875ರಲ್ಲಿ ವಿದ್ಯಾರ್ಥಿ ವೇತನ ಸಿಕ್ಕು ಮ್ಯೂನಿಕ್ಕಿನ ಪಾಲಿಟೆಕ್ನಿಕ್ ಸೇರಿದ. 1879ರಲ್ಲಿ ಪರೀಕ್ಷೆಯ ಹೊತ್ತಿಗೆ ವಿಷಮಶೀತ ಜ್ವರ ಹಿಡಿದು ಪರೀಕ್ಷೆ ತಪ್ಪಿತು. ಆ ಬಿಡುವಿನಲ್ಲಿ ಸ್ವಿಟ್ಜರ್ಲೆಂಡಿನ ಸುಲ್ಜರ್ ಕಾರ್ಖಾನೆಗೆ ಹೋಗಿ ಕೈ ಮಸಿ ಮಾಡಿಕೊಂಡು ಕೆಲಸ ಕಲಿತ. ಮರುವರ್ಷ ಪಾಸಾದ.

ಮ್ಯೂನಿಕ್ಕಿನಲ್ಲಿ ಅವನಿಗೆ ಸಿಕ್ಕ ಗುರು ಕಾರ್ಲ್ ಫಾನ್ ಲಿಂಡೆ, ಮಂಜುಗಡ್ಡೆ ಮಾಡುವ ಯಂತ್ರಕ್ಕೆ ಹೆಸರಾದವರು. ಶಾಖ ಹೇಗೆ ಕೆಲಸವಾಗುತ್ತದೆ ಎಂಬ ಶಾಸ್ತ್ರವನ್ನು ಅವರು ಕಲಿಸುತ್ತಿದ್ದರು. ಉಗಿ ಎಂಜಿನ್ ಕಲ್ಲಿದ್ದಲಿನ ಶಾಖದಲ್ಲಿ ನೂರಕ್ಕೆ ಹತ್ತು ಪಾಲನ್ನೂ ಕೆಲಸಕ್ಕೆ ತರುವುದಿಲ್ಲ, ಉಳಿದದ್ದೆಲ್ಲ ಗಾಳಿಪಾಲು ಎಂಬುದನ್ನು ಆ ಪಾಠದಲ್ಲಿ ಕೇಳಿದ್ದು ಹುಡುಗನ ತಲೆಯಲ್ಲಿ ಕೂತುಬಿಟ್ಟಿತು. ನೂರು ರೂಪಾಯಿ ಕೊಟ್ಟು ಹತ್ತು ರೂಪಾಯಿ ಮಾಲು ತರುವ ವ್ಯಾಪಾರ. ವ್ಯಾಪಾರಿಯಾದವನು ಸುಮ್ಮನಿದ್ದಾನೆಯೆ? ಇವನಿಗೂ ಅದೇ ಕೊರೆತ. ಮುಂದೆ ಹತ್ತು ವರ್ಷ ಲಿಂಡೆಯವರ ಐಸ್ ಕಂಪನಿಯ ಕೆಲಸ ಮಾಡುತ್ತ ಪ್ಯಾರಿಸ್ಸಿನಲ್ಲಿದ್ದ. 1883ರಲ್ಲಿ ಮಾರ್ಥಾ ಎಂಬವಳನ್ನು ಮದುವೆಯಾದ, ಮೂರು ಮಕ್ಕಳಾದವು, 1890ರಲ್ಲಿ ಬರ್ಲಿನ್ನಿಗೆ ಹೋದ. ಆ ವರ್ಷಗಳೆಲ್ಲ ಹಗಲು ಮಂಜುಗಡ್ಡೆ, ರಾತ್ರಿ ಎಂಜಿನ್ನಿನ ಲೆಕ್ಕ.

ಗಾಳಿಯನ್ನು ಒತ್ತಿದರೆ ಬೆಂಕಿ

ಅವನ ಲೆಕ್ಕ ತಿಳಿಯಲಿಕ್ಕೆ ಸೈಕಲ್ ಪಂಪ್ ಸಾಕು. ಜೋರಾಗಿ ಹವಾ ಹೊಡೆದ ಮೇಲೆ ಪಂಪಿನ ಬುಡ ಮುಟ್ಟಿ ನೋಡಿ, ಬಿಸಿ ಹತ್ತುತ್ತದೆ. ಗಾಳಿಯನ್ನು ಒತ್ತಿದಷ್ಟೂ ಬಿಸಿ. ಆಗ್ನೇಯ ಏಷ್ಯಾದ ಹಳ್ಳಿಗರು ಇದೇ ಉಪಾಯದಿಂದ ಒಂದು ಸಣ್ಣ ಕೊಳವೆಯಲ್ಲಿ ಬೆಣೆಯನ್ನು ರಪ್ಪನೆ ಬಡಿದು ಒಳಗಿನ ಅರಳೆಗೆ ಬೆಂಕಿ ಹೊತ್ತಿಸುತ್ತಿದ್ದರು. ಡೀಸೆಲ್ ಅಂಥ ಕೊಳವೆಯನ್ನು ವಿದ್ಯಾರ್ಥಿಯಾಗಿದ್ದಾಗಲೇ ನೋಡಿದ್ದ ಎನ್ನುತ್ತಾರೆ.

ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿಯನ್ನೂ ಎಣ್ಣೆಯನ್ನೂ ಮೊದಲೇ ಕಲಸಿ ಸಿಲಿಂಡರಿಗೆ ಬಿಡುತ್ತಾರೆ, ಆಮೇಲೆ ಪ್ಲಗ್ಗಿನ ಕಿಡಿ. ಹಾಗೆ ಕಲಸಿದ್ದನ್ನು ಬಹಳ ಒತ್ತುವಂತಿಲ್ಲ, ಒತ್ತಿದರೆ ಕಿಡಿ ಬರುವ ಮೊದಲೇ ಹೊತ್ತಿಕೊಂಡು ಎಂಜಿನ್ ಬಡಿದುಕೊಳ್ಳುತ್ತದೆ. ಡೀಸೆಲ್ ಮಾಡಿದ ಯೋಚನೆ ಇಷ್ಟೇ: ಬರೇ ಗಾಳಿಯನ್ನು ಒಳಗೆ ತಗೊಳ್ಳೋಣ. ಅದರಲ್ಲಿ ಎಣ್ಣೆಯೇ ಇಲ್ಲದಿದ್ದರೆ ಹೊತ್ತುವುದಾದರೂ ಏನು? ಹಾಗಾಗಿ ಬೇಕಾದಷ್ಟು ಒತ್ತಬಹುದು. ಒತ್ತಿ ಕೆಂಡದಂತೆ ಕಾದ ಮೇಲೆ ಎಣ್ಣೆಯನ್ನು ತುಂತುರಾಗಿ ಬಿಟ್ಟರೆ ತಾನಾಗಿ ಹೊತ್ತುತ್ತದೆ. ಕಿಡಿ ಬೇಡ, ಪ್ಲಗ್ ಬೇಡ. ಹೆಚ್ಚು ಒತ್ತಿದ ಗಾಳಿ ಹೆಚ್ಚು ಹಿಗ್ಗುತ್ತದೆ, ಹಿಗ್ಗಿದಷ್ಟೂ ಶಾಖ ಕೆಲಸವಾಗುತ್ತದೆ, ಸೈಲೆನ್ಸರಿನಲ್ಲಿ ಹೋಗುವುದು ಕಡಿಮೆಯಾಗುತ್ತದೆ. ಡೀಸೆಲ್ ಗಾಡಿಯ ಉಳಿತಾಯದ ಮುಖ್ಯ ಗುಟ್ಟು ಇದೇ.

1892ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ. ಮರುವರ್ಷ ಒಂದು ಪುಸ್ತಕ ಬರೆದು ದೊಡ್ಡ ದೊಡ್ಡ ಕಾರ್ಖಾನೆಗಳಿಗೆ ಕಳಿಸಿದ. ಪುಸ್ತಕದಲ್ಲಿ ಅವನು ಬರೆದುಕೊಂಡದ್ದು ಗಾಳಿಯನ್ನು 250 ವಾತಾವರಣದ ಒತ್ತಡಕ್ಕೆ ತರುತ್ತೇನೆ ಅಂತ. ಆ ಕಾಲದ ಕಬ್ಬಿಣ ತಡೆಯದ ಮಾತು. ಕಾಗದದ ಲೆಕ್ಕವೇ ಬೇರೆ, ಕಮ್ಮಾರಸಾಲೆಯ ಲೆಕ್ಕವೇ ಬೇರೆ. ಕೊನೆಗೆ ಓಡಿದ ಎಂಜಿನ್ನಿನಲ್ಲಿ ಒತ್ತಡ ಮೂವತ್ತರ ಆಸುಪಾಸಿಗೆ ಇಳಿದಿತ್ತು. ಔಗ್ಸ್‌ಬರ್ಗ್ ಯಂತ್ರ ಕಾರ್ಖಾನೆಯ ಮುಖ್ಯಸ್ಥ ಹೈನ್ರಿಕ್ ಬುಟ್ಸ್ ಮೊದಲು ಹಿಂದೆ ಮುಂದೆ ನೋಡಿ ಆಮೇಲೆ ಒಪ್ಪಿದ. ಕ್ರುಪ್ ಕಂಪನಿ ದುಡ್ಡಿನಲ್ಲಿ ಪಾಲು ಹಾಕಿತು.

1893ರ ಆಗಸ್ಟ್ 10ರಂದು ಮೊದಲ ಪರೀಕ್ಷೆ. ಎಣ್ಣೆ ಬಿಟ್ಟ ತಕ್ಷಣ ಗುಂಡು ಹಾರಿದಂತೆ ಸದ್ದಾಗಿ ಒತ್ತಡ ಅಳೆಯುವ ಉಪಕರಣ ಚೂರುಚೂರಾಯಿತು. ಎಂಜಿನ್ ಓಡಲಿಲ್ಲ. ಆದರೂ ಡೀಸೆಲ್ ಖುಷಿಯಲ್ಲೇ ಇದ್ದ, ಯಾಕೆಂದರೆ ಕಿಡಿಯಿಲ್ಲದೆ ಹೊತ್ತುತ್ತದೆ ಎಂಬುದು ಖಾತ್ರಿಯಾಗಿತ್ತು. 1894ರ ಫೆಬ್ರುವರಿ 17ರಂದು, ಕಾರ್ಖಾನೆಯ ಬೆಲ್ಟಿನಿಂದ ತಿರುಗಿಸುತ್ತ ಪರೀಕ್ಷೆ ಮಾಡುತ್ತಿದ್ದಾಗ, ಪಕ್ಕದಲ್ಲಿದ್ದ ಮೆಕ್ಯಾನಿಕ್ ಬೆಲ್ಟನ್ನೇ ದಿಟ್ಟಿಸಿ ನೋಡಿದ. ಅಷ್ಟು ಹೊತ್ತು ಬೆಲ್ಟು ಎಂಜಿನ್ನನ್ನು ಎಳೆಯುತ್ತಿತ್ತು. ಈಗ ಎಂಜಿನ್ನೇ ಬೆಲ್ಟನ್ನು ಎಳೆಯತೊಡಗಿತ್ತು. ಅವನು ಮಾತಾಡಲಿಲ್ಲ, ತಲೆಯ ಮೇಲಿನ ಟೊಪ್ಪಿಗೆ ತೆಗೆದು ಡೀಸೆಲ್ ಕಡೆಗೆ ತಿರುಗಿದ. ಎಂಜಿನ್ ತನ್ನ ಬಲದಲ್ಲಿ ಓಡಿದ್ದು ಸುಮಾರು ಒಂದು ನಿಮಿಷ, ನಿಮಿಷಕ್ಕೆ 88 ಸುತ್ತು. ಟ್ರ್ಯಾಕ್ಟರ್ ಇಟ್ಟವರಿಗೆ ಗೊತ್ತು, ಈಗಿನ ಎಂಜಿನ್ ನಿಂತಲ್ಲೇ ಸುಮ್ಮನೆ ಗುರುಗುಟ್ಟುವಾಗಲೂ ಅದರ ಎಂಟು ಹತ್ತು ಪಟ್ಟು ಸುತ್ತುತ್ತದೆ.

ಇನ್ನೂ ಮೂರು ವರ್ಷ ಬೇಕಾಯಿತು. 1897ರ ಫೆಬ್ರುವರಿ 17ರಂದು ಮ್ಯೂನಿಕ್ಕಿನ ಪ್ರಾಧ್ಯಾಪಕ ಮೊರಿಟ್ಸ್ ಶ್ರೋಟರ್ ಬಂದು ಎಂಜಿನ್ನನ್ನು ಅಳೆದು ನೋಡಿದರು. ಶಾಖದಲ್ಲಿ ನೂರಕ್ಕೆ 26.2 ಪಾಲು ಕೆಲಸವಾಗಿ ಬಂದಿತ್ತು. ಒಂದು ಅಶ್ವಶಕ್ತಿ ಒಂದು ತಾಸು ದುಡಿಯಲಿಕ್ಕೆ 238 ಗ್ರಾಂ ಗ್ಯಾಸಲೇಟ್ ಎಣ್ಣೆ. ನಮ್ಮ ಲೆಕ್ಕಕ್ಕೆ ತಂದರೆ, ಇಪ್ಪತ್ತು ಅಶ್ವಶಕ್ತಿ ತಾಸು ದುಡಿಯಲಿಕ್ಕೆ ಸುಮಾರು ಆರು ಲೀಟರ್. ಇವತ್ತಿನ ಒಳ್ಳೆಯ ಗಾಡಿಯ ಡೀಸೆಲ್ ಎಂಜಿನ್ ನೂರಕ್ಕೆ ನಲವತ್ತರ ಆಸುಪಾಸು ತರುತ್ತದೆ, ಹಡಗಿನ ದೊಡ್ಡ ಎಂಜಿನ್ನುಗಳು ಐವತ್ತನ್ನು ಮುಟ್ಟಿವೆ. ನೂರಿಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ ಜಗತ್ತಿನ ಎಂಜಿನಿಯರುಗಳೆಲ್ಲ ಸೇರಿ ದುಡಿದರೂ ಅವನು ಮುಟ್ಟಿಸಿದ್ದರ ಇಮ್ಮಡಿಯವರೆಗೆ ಬಂದಿದ್ದಾರೆ ಅಷ್ಟೆ.

ಟ್ರೇಲರ್ ಕಟ್ಟಿದಾಗ ಎವರೇಜ್ ಎಲ್ಲಿ ಹೋಗುತ್ತದೆ

ಇಲ್ಲಿ ಕತೆ ಸ್ವಲ್ಪ ನಿಲ್ಲಿಸಿ, ನಮ್ಮ ಮಂದಿ ಕೇಳುವ ಪ್ರಶ್ನೆಗೆ ಬರುತ್ತೇನೆ. ಖಾಲಿ ಗಾಡಿ ಇಷ್ಟು ಎವರೇಜ್ ಕೊಡುತ್ತದೆ, ಹಿಂದೆ ಟ್ರೇಲರ್ ಕಟ್ಟಿದರೆ ಅರ್ಧಕ್ಕೆ ಬೀಳುತ್ತದೆ, ಉಳಿದದ್ದು ಎಲ್ಲಿ ಹೋಯಿತು?

ಗಾಲಿ ಉರುಳಲಿಕ್ಕೆ ಒಂದಷ್ಟು ಎಳೆತ ಬೇಕು. ಗಟ್ಟಿ ಡಾಂಬರಿನ ಮೇಲೆ ಅದು ಒಟ್ಟು ತೂಕದ ನೂರಕ್ಕೆ ಒಂದರ ಆಸುಪಾಸು. ಹತ್ತು ಟನ್ನಿನ ಟ್ರೇಲರ್ ಅಂದರೆ ನೂರು ಕಿಲೋ ತೂಕ ಎಳೆದಷ್ಟು. ಅದೇ ಟ್ರೇಲರ್ ಹಸಿ ಎರೆಹೊಲದಲ್ಲಿದ್ದರೆ ಎಳೆತ ಹತ್ತು ಪಟ್ಟಾದರೂ ಆಶ್ಚರ್ಯವಿಲ್ಲ. ಇಪ್ಪತ್ತು ಮಾರಿಗೆ ಒಂದು ಮಾರು ಏರುವ ದಿನ್ನೆ ಬಂದರೆ ಇನ್ನೂ ಐನೂರು ಕಿಲೋ ಸೇರಿತು. ಹವಾ ಇಳಿದ ಟೈರು ಡಾಂಬರಿನ ಮೇಲೂ ಎಳೆತ ಹೆಚ್ಚಿಸುತ್ತದೆ. ಎಂಜಿನ್ ಯಾರದಾದರೂ ಇರಲಿ, ಮಾಡಿದ ಕೆಲಸಕ್ಕೆ ಎಣ್ಣೆ ಕೇಳೇ ಕೇಳುತ್ತದೆ.

ವೇಗ ಹೆಚ್ಚಿದರೆ ಎದುರು ಗಾಳಿ ಇನ್ನೊಂದು ಸಾಲಗಾರ. ವೇಗ ಇಮ್ಮಡಿಯಾದರೆ ಗಾಳಿಯ ತಡೆ ನಾಲ್ಕು ಪಟ್ಟು. ಟ್ರ್ಯಾಕ್ಟರಿಗೆ ಇದು ಲೆಕ್ಕಕ್ಕಿಲ್ಲ, ಪಿಕಪ್ಪು ಲಾರಿಗೆ ಇದೆ. ಅಮೆರಿಕ, ಯುರೋಪಿನಲ್ಲಿ ರಜೆ ಬಂತೆಂದರೆ ಡೀಸೆಲ್ ಪಿಕಪ್ಪಿಗೆ ಗಾಲಿಮನೆಯನ್ನೇ ಕಟ್ಟಿಕೊಂಡು ಹೊರಡುವವರಿದ್ದಾರೆ. ಒಳಗೆ ಹಾಸಿಗೆ, ಒಲೆ ಎಲ್ಲ ಇರುತ್ತದೆ. ಸಪಾಟು ಹೆದ್ದಾರಿಯಲ್ಲಿ ಅವರ ಎಣ್ಣೆ ತಿನ್ನುವುದು ಗಾಲಿಮನೆಯ ತೂಕಕ್ಕಿಂತ ಅದರ ಎತ್ತರ ಅಗಲ. ಹಗುರ ಇದ್ದರೂ ಎತ್ತರದ ಪೆಟ್ಟಿಗೆಯಂಥದ್ದು, ಭಾರ ಇದ್ದರೂ ತಗ್ಗಾಗಿರುವುದಕ್ಕಿಂತ ಹೆಚ್ಚು ಕುಡಿಯುತ್ತದೆ. ನಮ್ಮಲ್ಲಿ ಹತ್ತಿ, ಹೊಟ್ಟು, ಕಣಿಕೆ ಹೇರುವವರಿಗೆ ಇದೇ ಮಾತು ಒಪ್ಪುತ್ತದೆ.

ಡೀಸೆಲ್ ಎಂಜಿನ್ ಇಂಥ ಕೆಲಸಕ್ಕೆ ಯಾಕೆ ಸರಿ? ನಿಧಾನ ಸುತ್ತಿನಲ್ಲೇ ಅದರ ಜಗ್ಗು ಹೆಚ್ಚು. ಪೆಟ್ರೋಲ್ ಎಂಜಿನ್ನಿಗೆ ಭಾರ ಕಡಿಮೆ ಇದ್ದಾಗ ಗಾಳಿಯ ದಾರಿಯನ್ನೇ ಅರ್ಧ ಮುಚ್ಚುತ್ತಾರೆ, ಅದು ಮೂಗು ಹಿಡಿದುಕೊಂಡು ಓಡಿದ ಹಾಗೆ. ಡೀಸೆಲ್ಲಿನಲ್ಲಿ ಗಾಳಿ ಯಾವಾಗಲೂ ಪೂರ್ತಿ, ಭಾರಕ್ಕೆ ತಕ್ಕಂತೆ ಎಣ್ಣೆ ಮಾತ್ರ ಹೆಚ್ಚು ಕಡಿಮೆ. ಮೇಲಾಗಿ ಒಂದು ಲೀಟರ್ ಡೀಸೆಲ್ಲಿನಲ್ಲಿ ಒಂದು ಲೀಟರ್ ಪೆಟ್ರೋಲಿಗಿಂತ ಸುಮಾರು ನೂರಕ್ಕೆ ಹತ್ತು ಪಾಲು ಹೆಚ್ಚು ಶಾಖವಿದೆ. ಇಷ್ಟಾದರೂ ಗಾಳಿಗೆ ಮೀರಿ ಎಣ್ಣೆ ಕುಡಿಸಿದರೆ ಕರಿ ಹೊಗೆ ಬರುತ್ತದೆ. ಅದು ಸುಡದೆ ಹೋಗುವ ದುಡ್ಡು, ಆಗ ಒಂದು ಗೇರು ಇಳಿಸುವುದೇ ಸರಿ. ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿ ಬಿಟ್ಟರೆ ಎಣ್ಣೆ ಉಳಿಯುತ್ತದೆ ಅಂತ ನಂಬಿದ ಡ್ರೈವರರು ಇನ್ನೂ ಇದ್ದಾರೆ. ಗೇರಿನಲ್ಲೇ ಇದ್ದು ಕಾಲು ತೆಗೆದರೆ ಪಂಪು ಎಣ್ಣೆಯನ್ನು ತಾನೇ ನಿಲ್ಲಿಸುತ್ತದೆ. ನ್ಯೂಟ್ರಲ್ ಮಾಡಿದರೆ ಎಂಜಿನ್ ನಿಲ್ಲದಿರಲಿ ಅಂತ ಎಣ್ಣೆ ಬಿಡಲೇಬೇಕು. ಉಳಿತಾಯವೂ ಇಲ್ಲ, ಮೇಲೆ ಹಿಂದಿನ ಹತ್ತು ಟನ್ನು ಬೆನ್ನು ಹತ್ತಿ ತಳ್ಳುತ್ತದೆ.

ಕೋಟ್ಯಧೀಶನ ಸಾಲ

1897ರ ಪರೀಕ್ಷೆ ಆದದ್ದೇ ತಡ, ಲೈಸೆನ್ಸಿಗೆ ಸಾಲು ಹತ್ತಿತು. ಅಮೆರಿಕದ ಬಿಯರ್ ವ್ಯಾಪಾರಿ ಅಡೋಲ್ಫಸ್ ಬುಷ್ ತನ್ನ ದೇಶದ ಹಕ್ಕಿಗೆ ಹತ್ತು ಲಕ್ಷ ಮಾರ್ಕ್ ಕೊಟ್ಟ. ರಷ್ಯಾದಲ್ಲಿ ನೊಬೆಲ್ ಮನೆತನದವರು ತಗೊಂಡರು, ಸ್ವಿಟ್ಜರ್ಲೆಂಡಿನಲ್ಲಿ ಸುಲ್ಜರ್. 1898ರಲ್ಲಿ ಉಳಿದ ಹಕ್ಕುಗಳನ್ನೆಲ್ಲ ಒಂದು ಕಂಪನಿಗೆ 35 ಲಕ್ಷ ಮಾರ್ಕಿಗೆ ಬರೆದುಕೊಟ್ಟ. ನಲವತ್ತನೆಯ ವಯಸ್ಸಿಗೆ ಚರ್ಮದ ಸಾಮಾನು ಹೊತ್ತು ತಿರುಗಿದ ಹುಡುಗ ಸಿರಿವಂತ. ಅದೇ ವರ್ಷ ಕೆಂಪ್ಟನ್ ಎಂಬ ಊರಿನ ಬೆಂಕಿಕಡ್ಡಿ ಕಾರ್ಖಾನೆಗೆ ಅವನ 60 ಅಶ್ವಶಕ್ತಿಯ ಎಂಜಿನ್ ಹೋಯಿತು. ಕಡ್ಡಿಯೇ ಬೇಡದ ಎಂಜಿನ್ನು ಕಡ್ಡಿ ಕಾರ್ಖಾನೆಗೆ ಹೋದದ್ದು ತಮಾಷೆಯೇ. ಅಲ್ಲಿ ಅದು ಬಹಳ ಕಾಟ ಕೊಟ್ಟಿತು. ಬೇರೆ ಕಡೆಯಿಂದಲೂ ದೂರು. ಪರೀಕ್ಷೆಯ ಕೋಣೆಯಲ್ಲಿ ಪ್ರಾಧ್ಯಾಪಕರ ಮುಂದೆ ಓಡಿದ್ದು ಗಿರಾಕಿಯ ಕೈಯಲ್ಲಿ ಓಡಲಿಲ್ಲ. ಔಗ್ಸ್‌ಬರ್ಗಿನಲ್ಲಿ ಅವನ ಹೆಸರಿನಲ್ಲೇ ಶುರುವಾದ ಕಾರ್ಖಾನೆ ಕೂಡ ಬಾಗಿಲು ಹಾಕಿತು. ಪೇಟೆಂಟು ತನ್ನದೆಂದು ಕೋರ್ಟಿಗೆ ಎಳೆದವರಿದ್ದರು. ಡೀಸೆಲ್‌ನ ಮೈ ಮನಸ್ಸು ಎರಡೂ ಕೆಟ್ಟವು, ತಿಂಗಳುಗಟ್ಟಲೆ ಚಿಕಿತ್ಸೆ, ತಲೆಶೂಲೆ ಬಿಡಲೇ ಇಲ್ಲ.

ಬಂದ ದುಡ್ಡಿನ ಲೆಕ್ಕ ಅವನಿಗೆ ಬರಲಿಲ್ಲ. ಎಂಜಿನ್ನಿನೊಳಗಿನ ಒಂದು ಗ್ರಾಂ ಎಣ್ಣೆಗೆ ಲೆಕ್ಕ ಇಟ್ಟವನು ಮ್ಯೂನಿಕ್ಕಿನಲ್ಲಿ ಅರಮನೆಯಂಥ ಮನೆ ಕಟ್ಟಿಸಿದ, ಸೈಟುಗಳ ವ್ಯಾಪಾರಕ್ಕೆ ಕೈ ಹಾಕಿದ, ಎಣ್ಣೆ ಬಾವಿಗಳಲ್ಲಿ ದುಡ್ಡು ಹೂಡಿದ. ಎಲ್ಲದರಲ್ಲೂ ನಷ್ಟ. ನನ್ನ ಅಭಿಪ್ರಾಯ ಕೇಳಿದರೆ, ಜಮೀನಿನ ದಲ್ಲಾಳಿಗಳು ಯಾವ ದೇಶದಲ್ಲೂ ಬುದ್ಧಿವಂತರನ್ನೇ ಹುಡುಕಿ ಹಿಡಿಯುತ್ತಾರೆ. ತನಗೆ ಎಲ್ಲ ತಿಳಿದಿದೆ ಅಂದುಕೊಂಡವನಷ್ಟು ಸುಲಭದ ಗಿರಾಕಿ ಇನ್ನೊಬ್ಬನಿಲ್ಲ.

ಆದರೆ ಅವನ ಆಸೆ ಬರೇ ದುಡ್ಡಿನದಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ದೊಡ್ಡ ಉಗಿ ಎಂಜಿನ್ನು ದೊಡ್ಡ ಸಾಹುಕಾರನಿಗೆ ಮಾತ್ರ ಒಪ್ಪುತ್ತದೆ. ಸಣ್ಣ ಎಂಜಿನ್ ಇದ್ದರೆ ನೇಕಾರ, ಬಡಗಿ, ಕಮ್ಮಾರ ತಮ್ಮ ಮನೆಯಲ್ಲೇ ಕಸುಬು ಉಳಿಸಿಕೊಳ್ಳಬಹುದು ಎಂಬುದು ಮೊದಲಿನಿಂದ ಅವನ ಮನಸ್ಸಿನಲ್ಲಿತ್ತು. 1903ರಲ್ಲಿ ಇನ್ನೊಂದು ಪುಸ್ತಕ ಬರೆದ. ಕೂಲಿಕಾರರು ಪೈಸೆ ಪೈಸೆ ಕೂಡಿಸಿ ತಮ್ಮದೇ ನಿಧಿ ಮಾಡಿ, ತಮ್ಮದೇ ಕಾರ್ಖಾನೆ ನಡೆಸಬೇಕು ಎಂಬುದು ಅದರ ತಿರುಳು. ಹತ್ತು ಸಾವಿರ ಪ್ರತಿ ಅಚ್ಚು ಹಾಕಿಸಿದ, ಖರ್ಚಾದದ್ದು ಕೆಲವೇ ನೂರು. ಸಹಕಾರಿ ಸಕ್ಕರೆ ಕಾರ್ಖಾನೆಗೆ ಕಬ್ಬು ಹಾಕುವ ಷೇರುದಾರ ರೈತರಿಗೆ ಆ ವಿಚಾರ ಹೊಸದಲ್ಲ. ಅಂಥದ್ದರಲ್ಲಿ ಏನೇನು ನಡೆಯುತ್ತದೆ ಎಂಬುದೂ ಹೊಸದಲ್ಲ ಬಿಡಿ. ಆದರೂ ಎಂಜಿನ್ನಿಗಿಂತ ಆ ಪುಸ್ತಕವೇ ತನ್ನ ದೊಡ್ಡ ಕೆಲಸ ಅಂತ ಅವನು ನಂಬಿದ್ದ.

ಶೇಂಗಾ ಎಣ್ಣೆಯ ಸಂಗತಿ ನಮ್ಮ ಸೀಮೆಯವರಿಗೆ ಬೇಕಾದದ್ದು. 1900ರ ಪ್ಯಾರಿಸ್ ಮಹಾಪ್ರದರ್ಶನದಲ್ಲಿ ಒಂದು ಸಣ್ಣ ಡೀಸೆಲ್ ಎಂಜಿನ್ನನ್ನು ಬರೇ ಶೇಂಗಾ ಎಣ್ಣೆಯಲ್ಲಿ ಓಡಿಸಿ ತೋರಿಸಿದರು. ಆಫ್ರಿಕದ ತನ್ನ ವಸಾಹತುಗಳಲ್ಲಿ ಶೇಂಗಾ ಹೇರಳ, ಅಲ್ಲಿಯೇ ಬೆಳೆದದ್ದರಲ್ಲಿ ಅಲ್ಲಿಯೇ ಎಂಜಿನ್ ಓಡಲಿ ಎಂಬುದು ಫ್ರೆಂಚ್ ಸರ್ಕಾರದ ಆಸೆಯಾಗಿತ್ತು. ಎಂಜಿನ್ನಿನಲ್ಲಿ ಏನೂ ಬದಲಿಸಿರಲಿಲ್ಲ, ನೋಡುವವರಿಗೆ ವ್ಯತ್ಯಾಸವೇ ತಿಳಿಯಲಿಲ್ಲ. ಡೀಸೆಲ್ ಮುಂದೆ ತಾನೂ ಇದನ್ನು ಪರೀಕ್ಷಿಸಿ, 1912ರಲ್ಲಿ ಇದರ ಬಗ್ಗೆ ಭರವಸೆಯಿಂದ ಬರೆದ. ನಮ್ಮಲ್ಲಿ 1990ರ ದಶಕದ ಕೊನೆಯ ಹೊತ್ತಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಹೊಂಗೆ ಎಣ್ಣೆಯಲ್ಲಿ ಡೀಸೆಲ್ ಎಂಜಿನ್ ಓಡಿಸಿ ಹಳ್ಳಿಯಲ್ಲಿ ನೀರೆತ್ತಿ ತೋರಿಸಿದ್ದು ಇದೇ ದಾರಿಯ ಕೆಲಸ. ಹಾಗಂತ ಗಾಣದಿಂದ ತಂದು ಟಾಕಿಗೆ ಹುಯ್ಯುವಂತಿಲ್ಲ. ಹಸಿ ಎಣ್ಣೆ ಮಂದ, ಈಗಿನ ಸೂಕ್ಷ್ಮ ನೋಝಲ್ಲಿನಲ್ಲಿ ಕಟ್ಟಿಕೊಂಡು ಕಿಟ್ಟ ಹಿಡಿಯುತ್ತದೆ. ಅದರ ಗ್ಲಿಸರಿನ್ ತೆಗೆದು ತೆಳ್ಳಗೆ ಮಾಡಿದ್ದೇ ಬಯೋಡೀಸೆಲ್. ಮೇಲಾಗಿ ಶೇಂಗಾ ಎಣ್ಣೆ ಡೀಸೆಲ್ಲಿಗಿಂತ ಎಷ್ಟೋ ತುಟ್ಟಿ, ಹೊಟ್ಟೆಗೆ ಬೇಕಾದದ್ದನ್ನು ಗಾಡಿಗೆ ಹುಯ್ಯುವವರು ಯಾರು?

ದೊಡ್ಡವರು ಮಾತ್ರ ಅವನ ಎಂಜಿನ್ನನ್ನು ಬಿಡಲಿಲ್ಲ. ಮೊದಮೊದಲ ಕಾಟಗಳು ನೀಗಿದ ಮೇಲೆ ವಿದ್ಯುತ್ ಕೇಂದ್ರ, ಹಡಗು, ಫ್ರೆಂಚರ ಜಲಾಂತರ್ಗಾಮಿ ಎಲ್ಲ ಕಡೆ ಅದೇ. 1912ರಲ್ಲಿ ಡೆನ್ಮಾರ್ಕಿನ ಸೆಲಾಂಡಿಯಾ ಎಂಬ ಹಡಗು ಡೀಸೆಲ್ ಎಂಜಿನ್ನಿನಲ್ಲಿ ಬ್ಯಾಂಕಾಕಿಗೆ ಹೊರಟಾಗ ಹೊಗೆಯ ಕೊಳವೆಯೇ ಇಲ್ಲದ ಹಡಗನ್ನು ನೋಡಲಿಕ್ಕೆ ಬಂದರಿನಲ್ಲಿ ಮಂದಿ ಸೇರಿದರು. ಗಾಡಿಗೆ ಮಾತ್ರ ಎಂಜಿನ್ ಹತ್ತಲಿಲ್ಲ. ಎಣ್ಣೆಯನ್ನು ಒಳಗೆ ಚಿಮ್ಮಿಸಲಿಕ್ಕೆ ಪಕ್ಕದಲ್ಲೊಂದು ಗಾಳಿಯ ಕಂಪ್ರೆಸರ್ ಇಡಬೇಕಿತ್ತು, ಆ ಭಾರಕ್ಕೇ ಗಾಡಿ ಕುಸಿಯುವಂತಿತ್ತು. 1908ರ ಸುಮಾರಿಗೆ ಡೀಸೆಲ್ ಲಾರಿಗೆ ಒಪ್ಪುವಂಥ ಸಣ್ಣ ಎಂಜಿನ್ನಿಗೆ ಕೈ ಹಾಕಿದ, ಪೂರ್ತಿ ಕೈಗೂಡಲಿಲ್ಲ.

1913ರ ಸೆಪ್ಟೆಂಬರ್ 29ರ ಸಂಜೆ ಬೆಲ್ಜಿಯಮ್ಮಿನ ಆಂಟ್‌ವರ್ಪ್ ಬಂದರಿನಲ್ಲಿ ಡ್ರೆಸ್ಡೆನ್ ಎಂಬ ಹಡಗು ಹತ್ತಿದ. ಇಂಗ್ಲೆಂಡಿನಲ್ಲಿ ಡೀಸೆಲ್ ಕಂಪನಿಯ ಸಭೆಯಿತ್ತು. ಜತೆಗಾರರೊಂದಿಗೆ ಊಟ ಮಾಡಿ ಹತ್ತರ ಸುಮಾರಿಗೆ ತನ್ನ ಕೋಣೆಗೆ ಹೋದ. ಬೆಳಿಗ್ಗೆ ಆರೂಕಾಲಿಗೆ ಎಬ್ಬಿಸಲು ಹೇಳಿದ್ದ. ಎಬ್ಬಿಸಲು ಹೋದವರಿಗೆ ಕೋಣೆ ಖಾಲಿ, ಹಾಸಿಗೆಯ ಮೇಲೆ ಯಾರೂ ಮಲಗಿದ ಗುರುತಿಲ್ಲ. ಹಿಂದಿನ ಅಟ್ಟದ ಕಟಾಂಜನದ ಬುಡದಲ್ಲಿ ಅವನ ಟೊಪ್ಪಿಗೆ, ಮಡಿಸಿಟ್ಟ ಕೋಟು. ಸುಮಾರು ಹತ್ತು ದಿನದ ಮೇಲೆ ಒಂದು ಡಚ್ ಹಡಗಿನವರಿಗೆ ಸಮುದ್ರದಲ್ಲಿ ಶವ ಸಿಕ್ಕಿತು. ಕಿಸೆಯಲ್ಲಿದ್ದ ಸಾಮಾನು ತೆಗೆದುಕೊಂಡು ಶವವನ್ನು ನೀರಿಗೇ ಬಿಟ್ಟರು. ಕನ್ನಡಕದ ಡಬ್ಬಿ, ಚಾಕು, ಪಾಕೀಟು ಇವನ್ನು ನೋಡಿ ಕಿರಿಯ ಮಗ ಓಯ್ಗನ್ ತಂದೆಯವೇ ಎಂದು ಗುರುತಿಸಿದ. ಹೊರಡುವ ಮೊದಲು ಹೆಂಡತಿಯ ಕೈಗೆ ಒಂದು ಚೀಲ ಕೊಟ್ಟು, ವಾರ ಕಳೆದ ಮೇಲೆ ತೆರೆಯಲು ಹೇಳಿದ್ದ. ತೆರೆದಾಗ ಒಳಗಿದ್ದದ್ದು ಒಂದಷ್ಟು ನಗದು, ಬ್ಯಾಂಕಿನಲ್ಲಿ ಏನೂ ಉಳಿದಿಲ್ಲವೆಂದು ತೋರಿಸುವ ಕಾಗದಗಳು. ಜಗತ್ತೇ ಸಿರಿವಂತನೆಂದು ತಿಳಿದಿದ್ದ ಮನುಷ್ಯ ಸಾಲದಲ್ಲಿ ಮುಳುಗಿದ್ದು ಮನೆಯವರಿಗೇ ಗೊತ್ತಿರಲಿಲ್ಲ. ಯುದ್ಧ ಹತ್ತಿರ ಬಂದಿದ್ದ ಕಾಲ, ಜಲಾಂತರ್ಗಾಮಿಯ ಗುಟ್ಟಿಗಾಗಿ ಯಾರೋ ಕೊಂದರು ಅಂತ ಪತ್ರಿಕೆಗಳು ಬರೆದವು, ಎಣ್ಣೆ ಸಾಹುಕಾರರ ಕೈವಾಡ ಅಂದರು. ಯಾವುದಕ್ಕೂ ಪುರಾವೆ ಸಿಗಲಿಲ್ಲ. ಆ ಚೀಲದ ಕಾಗದಗಳಿಗಿಂತ ದೊಡ್ಡ ಸಾಕ್ಷಿ ಬೇಕೆಂದು ನನಗೆ ಅನ್ನಿಸುವುದಿಲ್ಲ. ಸಾಲದ ಮಾತನ್ನು ಹೆಂಡತಿ ಮಕ್ಕಳ ಮುಂದೆ ಬಾಯಿಬಿಟ್ಟು ಹೇಳಿದ್ದರೆ ಹಾದಿ ಬೇರೆಯಾಗುತ್ತಿತ್ತೇನೋ.

ಅವನು ಹೋದ ಹತ್ತು ಹನ್ನೊಂದು ವರ್ಷಕ್ಕೆ, 1923–24ರಲ್ಲಿ, ಬೆಂಜ್ ಮತ್ತು ಔಗ್ಸ್‌ಬರ್ಗಿನ ಅದೇ ಕಾರ್ಖಾನೆಯ ಮುಂದಿನ ರೂಪವಾದ ಮಾನ್ ಕಂಪನಿ ಡೀಸೆಲ್ ಲಾರಿ ತಂದವು. 1927ರಲ್ಲಿ ರಾಬರ್ಟ್ ಬಾಷ್ ಕಂಪನಿ ಎಣ್ಣೆ ಚಿಮ್ಮಿಸುವ ಸಣ್ಣ ಪಂಪನ್ನು ಸಾಲು ಸಾಲಾಗಿ ತಯಾರಿಸತೊಡಗಿತು. ಕಂಪ್ರೆಸರಿನ ಕಾಟ ತೀರಿತು, ಎಂಜಿನ್ ಗಾಡಿ ಹತ್ತಿತು. ಅದೇ ಬಾಷ್ ಪಂಪು 1951ರಲ್ಲಿ ಶುರುವಾದ ಬೆಂಗಳೂರಿನ ಮೈಕೋ ಕಾರ್ಖಾನೆಯ ಮೂಲಕ ನಮ್ಮ ಲಾರಿ ಟ್ರ್ಯಾಕ್ಟರುಗಳಿಗೆ ಬಂತು. 1954ರಲ್ಲಿ ಟಾಟಾದವರು ಬೆಂಜ್ ಕಂಪನಿಯ ಜತೆ ಸೇರಿ ಲಾರಿ ಕಟ್ಟಿದರು. ಬಾವಿಯ ಮೇಲಿನ ಎಂಜಿನ್ನಿಗೆ ನಮ್ಮ ಕಡೆ ಇವತ್ತಿಗೂ ಕಿರ್ಲೋಸ್ಕರ್ ಅಂತಲೇ ಹೆಸರು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟು, ಕಬ್ಬಿಣದ ನೇಗಿಲು ಮಾಡಿ, 1910ರಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದ ಲಕ್ಷ್ಮಣರಾಯರ ಮನೆತನದ ಆಯಿಲ್ ಎಂಜಿನ್ ಕಂಪನಿ 1946ರಲ್ಲಿ ಪುಣೆಯಲ್ಲಿ ಹುಟ್ಟಿತು. ಗಡಿಯ ಎರಡೂ ಬದಿಯವರು ಅದನ್ನು ತಮ್ಮದೆನ್ನುತ್ತಾರೆ.

ಡೀಸೆಲ್ ಕಂಡ ಸಣ್ಣ ಎಂಜಿನ್ ದೂರದ ದೇಶದ ರೈತರ ಕೈಯನ್ನೂ ಸೇರಿತು. ಜಪಾನಿನ ರೈತ ಮನೆತನದ ಯಾಮಾಓಕಾ ಮಾಗೋಕಿಚಿ ಎಂಬಾತ 1933ರಲ್ಲಿ ಹೊಲಕ್ಕೆ ಒಪ್ಪುವ ಪುಟ್ಟ ಡೀಸೆಲ್ ಎಂಜಿನ್ ಮಾಡಿದ, ಅವನ ಕಂಪನಿಯ ಹೆಸರು ಯಾನ್ಮಾರ್. 1957ರಲ್ಲಿ ಆತ ಔಗ್ಸ್‌ಬರ್ಗಿನ ಒಂದು ಉದ್ಯಾನದಲ್ಲಿ ಡೀಸೆಲ್ ನೆನಪಿಗೆ ಜಪಾನಿನ ಬಂಡೆಗಳನ್ನು ಇಟ್ಟು ಒಂದು ಕಲ್ಲಿನ ತೋಟ ಮಾಡಿಸಿಕೊಟ್ಟ. ಸಮುದ್ರಕ್ಕೆ ಹೋದ ಮನುಷ್ಯನಿಗೆ ಗೋರಿ ಇಲ್ಲ. ಹನ್ನೆರಡು ವರ್ಷದ ಹುಡುಗನಾಗಿ ಅವನು ಒಬ್ಬನೇ ರೈಲಿಳಿದ ಆ ಊರಿನಲ್ಲಿ ಆ ಕಲ್ಲುಗಳು ಇವೆ. 1897ರಲ್ಲಿ ಪ್ರಾಧ್ಯಾಪಕರು ಅಳೆದ ಎಂಜಿನ್ನು ಮ್ಯೂನಿಕ್ಕಿನ ಸಂಗ್ರಹಾಲಯದಲ್ಲಿದೆ, ಒಂದೇ ಸಿಲಿಂಡರು, ಆಳಿಗಿಂತ ಎತ್ತರ.